ಹೇಮಾಳ ಹೆಸರಿನ ಉತ್ತರ

ಜನರ ಖಾಸಗಿ ಮೆಸೇಜುಗಳನ್ನು ಸರ್ಕಾರ ಸೋಸಿ ನೋಡಲಿದೆ ಎಂಬ ಸುದ್ದಿ ಬಂದಾಗ ಅಕ್ಕಿಆಲೂರಿನ ಮೊಬೈಲ್ ಅಂಗಡಿ ಜಗದೀಶನ ಪಿತ್ತ ನೆತ್ತಿಗೇರಿತು. "ತಾಯಿ ಮಗಳ ಮಾತು ಸರ್ಕಾರಕ್ಕ ಯಾಕ ಬೇಕ್ರಿ? ನಾಚಿಕಿ ಬ್ಯಾಡೇನು?" ಎಂದು ಗಿರಾಕಿಗಳೆದುರು ಗುಡುಗಿದ. ಇದನ್ನು ವಿರೋಧಿಸಿ ಹಾನಗಲ್ಲಿನಲ್ಲಿ ನಡೆದ ಸಭೆಯಲ್ಲೂ ಹೀಗೇ ಮಾತಾಡಿ ಚಪ್ಪಾಳೆ ಗಿಟ್ಟಿಸಿದ.

ಈ ಮಹಾಶಯ ಹೆಂಡತಿ ಹೇಮಾಳಿಗೆ ಫೋನು ಕೊಡಿಸಿದ ದಿನವೇ ಅವಳ ಮೆಸೇಜುಗಳನ್ನು ಅಂಗಡಿಯ ಕಂಪ್ಯೂಟರಿಗೂ ಜೋಡಿಸಿಕೊಂಡಿದ್ದ. ಅವಳಿಗೆ ಬಂದದ್ದೆಲ್ಲ ಅಲ್ಲಿ ಕಾಣುತ್ತಿತ್ತು; ಅವಳ ಹೆಸರಿನಲ್ಲಿ ಉತ್ತರವನ್ನೂ ಬರೆಯಬಹುದಿತ್ತು. ಪಾಪ, ಅವಳಿಗೆ ಇದರ ಸುಳಿವೇ ಇರಲಿಲ್ಲ.

ಮಾಸೂರಿನ ತವರಿಗೆ ಅವಳು ಹೋಗುವಂತಿರಲಿಲ್ಲ. ತಮ್ಮ ಫಕ್ಕೀರೇಶನ ಮದುವೆಯ ಗಡಿಬಿಡಿಯಲ್ಲಿ ಅಳಿಯನನ್ನು ಮೊದಲ ಪಂಕ್ತಿಗೆ ಕರೆಯುವುದು ಮರೆತುಹೋಗಿತ್ತು. ಅಷ್ಟಕ್ಕೇ ಜಗದೀಶ ಉಣ್ಣದೆ ಎದ್ದುಬಂದಿದ್ದ. ಇಂಥ ಗಂಡಸಿನ ಮರ್ಯಾದೆಗೆ ಏನು ಹೇಳಬೇಕೋ! ಅಂದಿನಿಂದ ಅಕ್ಕ ತಮ್ಮ ಕದ್ದುಮುಚ್ಚಿ ಮೆಸೇಜು ಮಾಡಿಕೊಳ್ಳುತ್ತಿದ್ದರು. ಜಗದೀಶ ಎಲ್ಲ ಓದಿ, ಸುಮ್ಮನಿದ್ದು, ಸಮಯ ಕಾಯುತ್ತಿದ್ದ.

ಒಂದು ಬೆಳಿಗ್ಗೆ ತಮ್ಮ ಬರೆದ: "ಅಕ್ಕ, ಅವ್ವಗ ಭಾಳ ಆರಾಮಿಲ್ಲ. ನಿನ್ನ ಹೆಸರ ಹಿಡದು ಕರಿಯಾಕತ್ತಾಳ. ಲಗೂನ ಬಾ."

ಹೇಮಾ ಆಗ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅಂಗಡಿಯಲ್ಲಿ ಕೂತ ಜಗದೀಶ ಅವಳ ಹೆಸರಿನಲ್ಲಿ ಉತ್ತರ ಕಳಿಸಿದ: "ನಾ ಬರೂದಿಲ್ಲ. ಸತ್ತರೂ ತಿಳಿಸಬ್ಯಾಡ." ಅವಳ ಕಣ್ಣಿಗೆ ಬೀಳದಂತೆ ಎರಡನ್ನೂ ಅವಳ ಕಡೆಯಿಂದ ಅಳಿಸಿದ. ಮಧ್ಯಾಹ್ನ ಊಟಕ್ಕೆ ಬಂದವನು ರೊಟ್ಟಿ ಮೆತ್ತಗಾಗಿದೆ ಎಂದು ಹೊಗಳುತ್ತಲೇ ಅವಳ ಫೋನು ತೆಗೆದುಕೊಂಡು ಫಕ್ಕೀರೇಶನ ನಂಬರನ್ನು ಬ್ಲಾಕ್ ಮಾಡಿದ.

ಮುಂದಿನ ವಾರ ಸಂತೆಯಲ್ಲಿ ಮಾಸೂರಿನ ಅಡಿವೆವ್ವ ಎದುರಾದಳು. "ಹಡದವ್ವನ ಮಣ್ಣಿಗೂ ಬರಲಿಲ್ಲಲ್ಲ, ನಿನ್ನ ಎದಿ ಕಲ್ಲಾತೇನ?" ಎಂದು ಅವಳು ಬೈದಾಗಲೇ ತಾಯಿ ಸತ್ತದ್ದು ಹೇಮಾಳಿಗೆ ಗೊತ್ತಾದದ್ದು. ಕಾಯಿಪಲ್ಲೆಯ ಚೀಲವನ್ನು ಅಲ್ಲೇ ಬಿಟ್ಟು ಅಳುತ್ತಾ ಬಸ್ಸು ಹತ್ತಿದಳು.

ಫಕ್ಕೀರೇಶ ಹೊಸ್ತಿಲು ದಾಟಗೊಡಲಿಲ್ಲ. ಫೋನು ತೆಗೆದು ಆ ಉತ್ತರ ತೋರಿಸಿದ.

"ನಾ ಬರದಿಲ್ಲೋ ತಮ್ಮಾ, ಅವ್ವನಾಣಿ! ಈ ಫೋನು ಜೋಡಿಸಿ ಕೊಟ್ಟಾವ ಅಂವಾ. ಅವನ ಬರದಾನ!"

"ಸುಳ್ಳ ಹೇಳಬ್ಯಾಡ." ಅವನು ಪರದೆಯ ಮೇಲೆ ಬೆರಳಿಟ್ಟ. "ನಮ್ಮಿಬ್ಬರನ್ನ ಬಿಟ್ಟು ಮೂರನೇದವರು ಇದನ್ನ ಓದಾಕ ಆಗೂದಿಲ್ಲ ಅಂತ ಇಲ್ಲೇ ಬರದೈತಿ, ನೋಡು. ನಿನ್ನ ಉತ್ತರ ಅವ್ವ ನನ್ನ ಕಡಿಂದ ಓದಿಸಿ ಕೇಳಿದಳು. ಆಮ್ಯಾಲ ಗುಟುಕು ನೀರೂ ಕುಡೀಲಿಲ್ಲ."

ಅಷ್ಟು ಹೇಳಿ ಬಾಗಿಲು ಹಾಕಿಕೊಂಡ.