ಬೆಂಚಿಲ್ಲದ ನಿಲ್ದಾಣ

ನಮ್ಮ ಚಿಕ್ಕಪ್ಪ ಜೀವಮಾನದಲ್ಲಿ ಎಂದೂ ತಟ್ಟನೆ ತಿರುಗಿದವರಲ್ಲ. ಊಟದ ಮೇಜಿನಿಂದ ಎದ್ದು ಕೈತೊಳೆಯಲು ಹೋಗುವಾಗಲೂ ಎದುರಿಗಿದ್ದ ನೇರದಾರಿಯನ್ನು ಬಿಟ್ಟು, ಕುರ್ಚಿಗಳ ಹಿಂದಿನಿಂದ ವಿಶಾಲವಾದೊಂದು ಬಳಸು ಹಾಕಿ, ಬಾಗಿಲು ಹತ್ತಿರವಾದಂತೆ ವೇಗ ತಗ್ಗಿಸಿ, ಹೊಸ್ತಿಲ ಬಳಿ ಅರೆಕ್ಷಣ ನಿಂತು, ಆಮೇಲೆ ಮುಂದೆ ಸಾಗುತ್ತಿದ್ದರು. ಕಂಡವರು ಮಂಡಿನೋವೆಂದು ಮರುಗುತ್ತಿದ್ದರು. ಮನೆಯವರಾದ ನಮಗೆ ಗುಟ್ಟು ಗೊತ್ತಿತ್ತು: ಬಿರುಸಾಗಿ ತಿರುಗಿದರೆ ಹಿಂದಿನ ಡಬ್ಬಿಗಳು ಹಳಿ ತಪ್ಪುತ್ತವೆಂಬ ಭಯ ಅವರ ತಲೆಯಿಂದ ಕಾಲಿಗೇ ಇಳಿದುಬಿಟ್ಟಿತ್ತು.

ವೃತ್ತಿಯಿಂದ ಅವರು ದಂತವೈದ್ಯರು. ಪ್ರವೃತ್ತಿಯಿಂದ, ಮಹಡಿಯ ಕೋಣೆಯ ತುಂಬ ಹರಡಿಕೊಂಡಿದ್ದ ಪುಟಾಣಿ ರೈಲ್ವೆಯೊಂದರ ಸರ್ವಾಧಿಕಾರಿ. ಅದನ್ನು ಯಾರಾದರೂ ಆಟಿಕೆ ಎಂದರೆ ಅವರ ಮೂಗಿನ ತುದಿ ಕೆಂಪಾಗುತ್ತಿತ್ತು. ಬಿಳಿ ಕೋಟಿನ ಎಡಜೇಬಿನಲ್ಲಿ ಹಲ್ಲು ನೋಡುವ ಕನ್ನಡಿ, ಬಲಜೇಬಿನಲ್ಲಿ ಬಣ್ಣ ಆರದ ಉಗುರುದ್ದದ ಪ್ರಯಾಣಿಕರು. ಬಾಯಿ ತೆರೆದು ಕಾಯುತ್ತಿದ್ದ ರೋಗಿಯ ಮುಂದೆ ಕನ್ನಡಿಯ ಬದಲು ಪೆಟ್ಟಿಗೆ ಹೊತ್ತ ಪುಟ್ಟ ಕೂಲಿಯಾಳು ಜೇಬಿನಿಂದ ಹೊರಬಂದದ್ದು ಒಂದೆರಡು ಸಲವಲ್ಲ. ಕಿತ್ತ ಹಲ್ಲನ್ನು ತಟ್ಟೆಗೆ ಹಾಕಿ "ಲೈನ್ ಕ್ಲಿಯರ್" ಎನ್ನುವುದು ಅವರ ವಾಡಿಕೆ, ನೋವಿನಲ್ಲಿದ್ದವರೂ ನಕ್ಕುಬಿಡುತ್ತಿದ್ದರು.

ಆ ಕೋಣೆಯ ಪ್ರಪಂಚವನ್ನು ಅವರು ಕ್ಲಿನಿಕ್ಕಿನ ಉಪಕರಣಗಳಿಂದಲೇ ಸೃಷ್ಟಿಸಿದ್ದರು. ಹಲ್ಲಿನ ಸಂದು ಕೆದಕುವ ಕೊಕ್ಕೆಯಿಂದ ನಿಲ್ದಾಣದ ಗೋಡೆಗೆ ಇಟ್ಟಿಗೆಯ ಗೆರೆ ಕೊರೆಯುವರು. ಬಳಸಿದ ಚಹಾಪುಡಿಯನ್ನು ಒಣಗಿಸಿ ಹೊಲದ ಮಣ್ಣು ಮಾಡುವರು. ದವಡೆಯ ಅಚ್ಚು ತೆಗೆಯುವ ಪ್ಲಾಸ್ಟರಿನಿಂದ ಎದ್ದ ಬೆಟ್ಟದ ಹೊಟ್ಟೆಯೊಳಗೆ, ಪ್ಲಾಸ್ಟರು ಉಳಿಸಲೆಂದು ತುಂಬಿದ, ಬೇಡವಾದ ದವಡೆಯ ಅಚ್ಚುಗಳೇ ಇದ್ದವು. ಹೊಸ ಎಂಜಿನ್ ಬಂದರೆ ಅದರ ಹೊಳಪು ಅವರಿಗೆ ಸಹಿಸದು. ನೀರು ಸೋರುವ ಜಾಗದಲ್ಲಿ ತುಕ್ಕಿನ ಗೆರೆ, ಹೊಗೆಕೊಳವೆಯ ಸುತ್ತ ಮಸಿ, ಗಾಲಿಗಳಿಗೆ ದಾರಿಯ ಧೂಳು, ಹೀಗೆ ಕೂದಲೆಳೆಯ ಕುಂಚದಿಂದ ಅದಕ್ಕೊಂದು ಗತಕಾಲವನ್ನು ಬಳಿದ ಮೇಲೆಯೇ ಸಮಾಧಾನ. ಚಿಕ್ಕಮ್ಮ ಬಾಗಿಲಲ್ಲಿ ನಿಂತು ಅನ್ನುತ್ತಿದ್ದರು, "ಲೋಕದಲ್ಲಿ ಎಲ್ರೂ ಹಳೇದನ್ನ ತೊಳೆದು ಹೊಸದು ಮಾಡ್ತಾರೆ. ನಮ್ಮನೆಯವರು ಮಾತ್ರ ಹೊಸದಕ್ಕೆ ಮಸಿ ಬಳಿದು ಕೂತಿರ್ತಾರೆ."

ಭಾನುವಾರದ ಮಧ್ಯಾಹ್ನ, ಪರದೆಯ ಸಂದಿನಿಂದ ಬಿಸಿಲು ಓರೆಯಾಗಿ ಬೀಳುವಾಗ, ರೈಲು ಓಡುತ್ತಿತ್ತು. ಅದನ್ನು ನೋಡುವ ಕ್ರಮವನ್ನು ನನಗೆ ಕಲಿಸಿದವರೂ ಅವರೇ: ಗಲ್ಲವನ್ನು ಮೇಜಿನ ಅಂಚಿಗೆ ತಾಗಿಸಿ, ಒಂದು ಕಣ್ಣು ಮುಚ್ಚಬೇಕು. ಆಗ ಕೋಣೆ ಕರಗುತ್ತದೆ, ಕಪಾಟು ದೂರದ ಮೋಡವಾಗುತ್ತದೆ, ಸುರಂಗದಾಚೆಯಿಂದ ಸಣ್ಣ ಗಡಗಡ ಸದ್ದು ಹತ್ತಿರವಾಗುತ್ತ ಆಗುತ್ತ, ನೀವು ಎಲ್ಲಿಗೋ ಹೊರಟವರಾಗುತ್ತೀರಿ. ಬೆಟ್ಟ ಸುತ್ತಿ, ನಿಲ್ದಾಣ ದಾಟಿ, ಮತ್ತೆ ಬೆಟ್ಟಕ್ಕೆ ಬರುವ ಆ ಸುತ್ತಿಗೆ ಮೊದಲೂ ಇರಲಿಲ್ಲ, ಕೊನೆಯೂ ಇರಲಿಲ್ಲ. ಎಷ್ಟೋ ಸಲ ಅಲ್ಲೇ ನನಗೆ ನಿದ್ದೆ ಹತ್ತಿದ್ದುಂಟು.

ಚಿಕ್ಕಮ್ಮ ಆ ಬಾಗಿಲನ್ನು ದಾಟಿ ಒಳಗೆ ಬಂದದ್ದು ನನಗೆ ನೆನಪಿಲ್ಲ. ಅವರ ಪಾಲಿಗೆ ರೈಲು ಅಡುಗೆಮನೆಯ ಸೂರಿನ ಮೇಲೆ ಓಡುತ್ತಿತ್ತು. ಒಲೆಯ ಮುಂದೆ ಕಿವಿಗೊಟ್ಟು, "ಗೂಡ್ಸ್ ಹೋಯ್ತು, ಇನ್ನು ಪ್ಯಾಸೆಂಜರ್ ನಿಲ್ಲೋ ಹೊತ್ತಿಗೆ ಹಾಲು ಉಕ್ಕುತ್ತೆ" ಎನ್ನುವರು. ಹಾಲು ಸರಿಯಾಗಿ ಆಗಲೇ ಉಕ್ಕುತ್ತಿತ್ತು.

ಒಂದು ದಿನ ಚಿಕ್ಕಮ್ಮ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಕೆಳಗಿನ ಕೋಣೆಗೆ ಮಂಚ ಬಂತು. ಮೆಟ್ಟಿಲು ಇನ್ನು ಮುಟ್ಟಬಾರದೆಂದು ವೈದ್ಯರು ಹೇಳಿದರು. ಚಿಕ್ಕಪ್ಪ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕೂತರು. ಮೇಲಿನ ಸದ್ದು ನಿಂತಿತು.

"ಗಾಡಿ ಯಾಕೆ ನಿಂತಿದೆ?" ಎಂದು ಚಿಕ್ಕಮ್ಮ ಕೇಳಿದಾಗ ನಾನೂ ಅಲ್ಲಿದ್ದೆ.

"ನೀನೊಬ್ಳೇ ಇರ್ತೀಯಲ್ಲ."

"ಅದು ಓಡಿದ್ರೆ ನೀವು ಮೇಲಿರ್ತೀರಿ. ನಿಂತ್ರೆ ಇಲ್ಲಿ ಮುಖ ಜೋಲು ಹಾಕ್ಕೊಂಡು ಕೂತಿರ್ತೀರಿ. ನನಗೆ ಎರಡೂ ಬೇಡ."

ಚಿಕ್ಕಪ್ಪ ತಲೆಯೆತ್ತಿ ಸೂರು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ನಿಧಾನವಾಗಿಯೇ, "ಕೆಳಗೆ ತಂದುಬಿಡೋಣ, ಒಂದು ಕೈ ಕೊಡು" ಎಂದರು.

ಎತ್ತಿದ ಮೇಲೆಯೇ ತಿಳಿದದ್ದು, ರೈಲು ಹಾಸಿದ್ದ ಆ ಹಲಗೆ ಬಾಗಿಲಲ್ಲಿ ಹಿಡಿಯುವುದಿಲ್ಲವೆಂದು. ಬಿಡಿಬಿಡಿ ಮರ ತಂದು ಒಳಗೇ ಜೋಡಿಸಿದ್ದರು. ರೈಲು ತಿರುಗಲು ಬೇಕಾದ ಅಗಲವನ್ನು ಕೂದಲಿನಷ್ಟೂ ತಪ್ಪದಂತೆ ಲೆಕ್ಕಹಾಕಿದ ಮನುಷ್ಯ ಬಾಗಿಲನ್ನು ಅಳೆದಿರಲಿಲ್ಲ. ಅದು ಎಂದಾದರೂ ಹೊರಗೆ ಬರಬೇಕಾದೀತೆಂದು ಅವರಿಗೆ ಹೊಳೆದೇ ಇರಲಿಲ್ಲ. ಬಡಗಿ ಬಂದು ಚೌಕಟ್ಟು ಒಡೆಯೋಣವೆಂದ. "ಒಡೆದ್ರೂ ಮೆಟ್ಟಿಲ ತಿರುವು ಬಿರುಸು" ಎಂದು ಚಿಕ್ಕಪ್ಪ ಅವನ ಕೈಯಿಂದ ಗರಗಸ ಇಸಿದುಕೊಂಡರು. ಊರಿನ ಅರ್ಧ ಹಲ್ಲುಗಳನ್ನು ಕಿತ್ತ ಕೈಯಿಂದಲೇ ಹಲಗೆಯನ್ನು ನಡುವೆ ಕೊಯ್ದರು. ಬೆಟ್ಟ ಎರಡು ಹೋಳಾದಾಗ ಒಳಗಿನ ದವಡೆಗಳು ಸಾಲಾಗಿ ಹಲ್ಲು ಕಿರಿದವು. "ಕೀಳಿಸ್ಕೊಳ್ಳೋರ ಕಷ್ಟ ಈಗ ಗೊತ್ತಾಯ್ತು ನೋಡು" ಎಂದು ನಗಲು ಹೋಗಿ, ಮುಖ ಆಚೆ ಮಾಡಿಕೊಂಡರು.

ಕೆಳಗಿನ ಕೋಣೆಯಲ್ಲಿ ಮಂಚ ಬಿಟ್ಟು ಉಳಿದ ಜಾಗದಲ್ಲಿ ಆ ಸುತ್ತು ಹಿಡಿಯಲಿಲ್ಲ. ಕಿಟಕಿಯಿಂದ ಗೋಡೆಗುಂಟ ಮಂಚದ ತಲೆಯವರೆಗೆ ಒಂದೇ ಒಂದು ಹಳಿ, ಅದರ ಕೊನೆಗೆ ನಿಲ್ದಾಣ. ಇಷ್ಟು ವರ್ಷ ಸುತ್ತುತ್ತಲೇ ಇದ್ದ ಗಾಡಿಗೆ ಮೊದಲ ಬಾರಿ ತಲುಪಲು ಒಂದು ಊರು ಸಿಕ್ಕಿತ್ತು. ಚಿಕ್ಕಪ್ಪನಿಗೆ ಮಾತ್ರ ಕಳೆದುಹೋದ ಸುತ್ತಿನದೇ ಸಂಕಟ.

ಚಿಕ್ಕಮ್ಮ ದಿಂಬಿಗೊರಗಿ, ಕನ್ನಡಕ ಏರಿಸಿ, ತಮ್ಮ ತಲೆಯ ಮೇಲೆ ಅಷ್ಟು ವರ್ಷ ಓಡಾಡಿದ್ದನ್ನು ಮೊದಲ ಬಾರಿಗೆ ಹತ್ತಿರದಿಂದ ನೋಡಿದರು. ನಿಲ್ದಾಣದ ಗಡಿಯಾರ ನೋಡಿದರು, ನಲ್ಲಿಯ ಕೆಳಗಿನ ಪಾಚಿಯ ಕಲೆಯನ್ನೂ ನೋಡಿ ತಲೆದೂಗಿದರು. ಆಮೇಲೆ ಖಾಲಿ ಪ್ಲಾಟ್‌ಫಾರಂ ಮೇಲೆ ಬೆರಳು ಇಟ್ಟರು.

"ಎಲ್ಲಾ ಇದೆ, ಒಂದು ಬೆಂಚೇ ಇಲ್ಲವಲ್ರೀ? ಕಾಯೋರು ಎಲ್ಲಿ ಕೂತ್ಕೋಬೇಕು?"

ಚಿಕ್ಕಪ್ಪ ನಿಲ್ದಾಣವನ್ನು ನೋಡಿದರು, ಹೆಂಡತಿಯನ್ನು ನೋಡಿದರು.

ಅಂದೇ ಬೆಂಕಿಕಡ್ಡಿಗಳಿಂದ ಬೆಂಚು ಸಿದ್ಧವಾಯಿತು. ಆದರೆ ಕೂರುವವರೇ ಇರಲಿಲ್ಲ. ಅವರ ಪುಟಾಣಿ ಪ್ರಯಾಣಿಕರೆಲ್ಲ ನಿಂತವರು. ಜೇಬಿನಿಂದ ಒಬ್ಬ ಹೆಂಗಸನ್ನು ತೆಗೆದು, ಹಲ್ಲು ಕೊರೆಯುವ ಯಂತ್ರದಿಂದ ಮಂಡಿಯ ಬಳಿ ಹಗುರವಾಗಿ ಕೊರೆದು, ಬಗ್ಗಿಸಿ, ಅಂಟು ಹಾಕಿ, ಬೆಂಚಿನ ಮೇಲೆ ಕೂರಿಸಿದರು. ಕಿಟಕಿಯ ಬೆಳಕಿನಿಂದ ಗಾಡಿ ಹೊರಟು, ನಿಧಾನವಾಗುತ್ತ ಬಂದು, ಅವಳ ಮುಂದೆ ನಿಂತಿತು.

"ತುಂಬಾ ಲೇಟಾಯ್ತು ನಿಮ್ಮ ಗಾಡಿ" ಎಂದರು ಚಿಕ್ಕಮ್ಮ.

"ಹೌದು" ಎಂದರು ಚಿಕ್ಕಪ್ಪ. ಅವರ ಕಣ್ಣು ತುಂಬಿತ್ತು.

ಲೋಕವನ್ನು ಅಂಗೈಯಗಲಕ್ಕೆ ಇಳಿಸಿ ಪ್ರೀತಿಸುವ ಇಂಥವರನ್ನು ನಾವು ಲೋಕ ಮರೆತವರೆಂದು ನಗುತ್ತೇವೆ. ಅವರು ಮರೆತಿರುವುದಿಲ್ಲ. ತುಕ್ಕು, ಮಸಿ, ಪಾಚಿ ಎಲ್ಲವೂ ಕಾಣುವ ಆ ಕಣ್ಣಿಗೆ ತೀರ ಪಕ್ಕದಲ್ಲಿರುವುದನ್ನು ಮಾತ್ರ ಯಾರಾದರೂ ಬೆರಳಿಟ್ಟು ತೋರಿಸಬೇಕಾಗುತ್ತದೆ. ತೋರಿಸಿದರೆ ಬರುತ್ತಾರೆ, ತಟ್ಟನೆ ತಿರುಗುವುದು ಅವರಿಗೆ ಬಾರದು, ದೊಡ್ಡ ಬಳಸು ಹಾಕಿ, ವೇಗ ತಗ್ಗಿಸಿ, ಹೊಸ್ತಿಲಲ್ಲಿ ಅರೆಕ್ಷಣ ನಿಂತು, ಬರುತ್ತಾರೆ. ಕಾಯುವವರಿಗೆ ಅಷ್ಟು ಹೊತ್ತು ಕೂರಲು ಒಂದು ಬೆಂಚು ಬೇಕು.