ಎರವಿನ ಓಲೆ

ಅಂಗಿಯ ಜೇಬಿನಲ್ಲಿ ಗಟ್ಟಿಯಾದದ್ದೊಂದು ಕೈಗೆ ತಗುಲಿತು. ಗಿರಿಜಾಂಬಿಕಾ ಅದನ್ನು ಹೊರಗೆ ತೆಗೆಯಲಿಲ್ಲ. ಕೈಯನ್ನೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಜೇಬು ನೋಡಿ ಕೊಡಿ ಎಂದು ಅಗಸರ ನಿಂಗಮ್ಮ ಪ್ರತಿ ವಾರದಂತೆ ಅಂದಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಹನ್ನೊಂದನೆಯ ದಿನದ ಕಾರ್ಯ ನಿನ್ನೆ ಮುಗಿದಿತ್ತು. ನೆಂಟರು ಸಂಜೆಯ ಬಸ್ಸಿಗೆ ಹೋಗಿದ್ದರು. ಇವತ್ತು ತಿಪಟೂರಿನಲ್ಲಿ ಬರೀ ಮಂಗಳವಾರ. ನಲ್ಲಿಯಲ್ಲಿ ನೀರು ಬಂತು, ಹಾಲು ಬಂತು, ಬಟ್ಟೆಗೆ ನಿಂಗಮ್ಮ ಬಂದಳು. ಗಂಡ ಗಂಗಾಧರಯ್ಯ ಕಾಮಾಲೆಗೆ ಮಲಗುವ ಮೊದಲು ಕಳಚಿದ ಅಂಗಿ ಮೊಳೆಯಲ್ಲೇ ಉಳಿದುಬಿಟ್ಟಿತ್ತು.

ನಿಂಗಮ್ಮ ಗಂಟು ಹೊತ್ತು ಹೋದ ಮೇಲೆ ಗಿರಿಜಾಂಬಿಕಾ ಮುಷ್ಟಿ ಬಿಚ್ಚಿ ನೋಡಿದಳು. ಹಿತ್ತಾಳೆಯ ಬಿಲ್ಲೆ. ಅದರ ಮೇಲೆ ನಾನೂರ ಹದಿನೇಳು ಎಂಬ ಅಂಕಿ. ತೂತಿನಲ್ಲಿ ಸುತ್ತಿದ ತಂತಿ. ಸರ್ಕಾರ ಬಡವರಿಗೆ ಕೊಡಿಸುವ ಸೀಮೆ ಹಸುಗಳ ಕಿವಿಗೆ ಹಾಕುವ ಬಿಲ್ಲೆ. ಹಳ್ಳಿಯವರು ಇದನ್ನು ಓಲೆ ಅನ್ನುತ್ತಿದ್ದರು. ಕೇಳಿ ಕೇಳಿ ಕಚೇರಿಯವರೂ ಹಾಗೇ ಅನ್ನತೊಡಗಿದ್ದರು.

ಯಾವ ಹಸುವಿನದು ಎಂದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಚೆನ್ನಾಗಿತ್ತು.

ಹಸು ಸತ್ತರೆ ಓಲೆಯನ್ನು ವಿಮೆಯವರಿಗೆ ಒಪ್ಪಿಸಬೇಕು. ಒಪ್ಪಿಸಿದರೆ ಇನ್ನೊಂದು ಹಸು. ದಬ್ಬೇಘಟ್ಟದ ಆಚೆಯ ಹಟ್ಟಿಯಲ್ಲಿ ಭೂತಮ್ಮನ ಹಸು ಎರಡೇ ತಿಂಗಳಿಗೆ ಸತ್ತಿತು. ಅವಳಿಗೆ ಅದನ್ನು ಕೊಡಿಸಿದ್ದವನು ವಿಸ್ತರಣಾಧಿಕಾರಿ ಗಂಗಾಧರಯ್ಯನೇ; ಓಲೆ ಬಿಚ್ಚಿಕೊಂಡು ಬಂದವನೂ ಅವನೇ. ಮೂರು ದಿನಕ್ಕೆ ಬೆಂಗಳೂರಿನಿಂದ ತಪಾಸಣೆಯವರು ಬರುವವರಿದ್ದರು. ಕೊಟ್ಟ ಹಸುಗಳಲ್ಲಿ ಆಗಲೇ ಸಾಕಷ್ಟು ಸತ್ತಿದ್ದವು. ಆ ವರ್ಷದ ಗುರಿಯ ಪ್ರಕಾರ ಇನ್ನೊಂದು ಸಾಯುವ ಹಾಗಿರಲಿಲ್ಲ. ತೋಟದ ಕೆಂಚಯ್ಯನ ಹಸುವಿನ ಕಿವಿಗೆ ಓಲೆಯನ್ನು ತಂತಿಯಲ್ಲಿ ಕಟ್ಟಿದರು. ಹಗ್ಗವನ್ನು ಭೂತಮ್ಮನ ಕೈಗೆ ಕೊಟ್ಟು ಫೋಟೋ ತೆಗೆದರು.

"ಎರಡು ದಿನದ ಎರವು ಕಣೇ," ಎಂದಿದ್ದ ಅವನು. "ಮದುವೆಗೆ ಒಡವೆ ಇಸ್ಕೊಳಲ್ವಾ, ಹಂಗೆ."

ಗಿರಿಜಾಂಬಿಕಾ ನಕ್ಕಿದ್ದಳು.

ಫೋಟೋದ ಕೆಳಗೆ ಹಾಕಲು ಒಂದು ಚೆಂದದ ವಾಕ್ಯ ಬೇಕು ಎಂದ. ಅವಳು ಮೈಸೂರಿನಲ್ಲಿ ಕನ್ನಡ ಎಂ.ಎ. ಮಾಡಿದವಳು. ಎರಡು ಸಲ ಬರೆದು ಹೊಡೆದುಹಾಕಿ ಮೂರನೆಯ ಸಲ ಬರೆದದ್ದು ಅವಳಿಗೇ ಹಿಡಿಸಿತ್ತು. 'ಭೂತಮ್ಮನ ಅಂಗಳದಲ್ಲಿ ಈಗ ಬೆಳಗಾಗುವುದು ಹಾಲು ಕರೆಯುವ ಸದ್ದಿನಿಂದ.' ಅದು ಇಲಾಖೆಯ ವರದಿಯಲ್ಲಿ ಅಚ್ಚಾಯಿತು. ಅಚ್ಚಿನಲ್ಲಿ ಬದುಕಿರುವ ಹಸುವಿಗೆ ಬದಲಿ ಹಸು ಕೊಡುವುದು ಯಾರಿಂದಲೂ ಸಾಧ್ಯವಿರಲಿಲ್ಲ.

ಆಮೇಲಿನ ಎಂಟು ತಿಂಗಳಲ್ಲಿ ಭೂತಮ್ಮ ಮೂರು ಸಲ ಈ ಬಾಗಿಲಿಗೆ ಬಂದಿದ್ದಳು. ಮೂರು ಸಲವೂ ಸಾಹೇಬರು ಇಲ್ಲ ಎಂದು ಹೇಳಿ ಕಳಿಸಿದ್ದು ಗಿರಿಜಾಂಬಿಕಾ. ಒಂದು ಸಲವಂತೂ ಒಳಗೆ ಅವನು ಗಡ್ಡ ಹೆರೆದುಕೊಳ್ಳುತ್ತಿದ್ದ. ಕತ್ತಿಯನ್ನು ಬಟ್ಟಲಿಗೆ ಬಡಿದ ಸದ್ದು ಹೊರಗೆ ಕೇಳಿಸಿತ್ತು.

ಹತ್ತು ಗಂಟೆಗೆ ಕಚೇರಿಯ ಗುಮಾಸ್ತ ಕೆಂಪಯ್ಯ ಬಂದ. ಚಪ್ಪಲಿ ಬಿಟ್ಟು, ಕುರ್ಚಿಯ ತುದಿಯಲ್ಲಿ ಕೂತು, ಗೋಡೆಗೆ ಮಾತಾಡಿದ. ಅನುಕಂಪದ ಆಧಾರದ ಮೇಲೆ ಅವಳಿಗೆ ಅದೇ ಕಚೇರಿಯಲ್ಲಿ ಕೆಲಸ ಕೊಡಿಸುವ ಅರ್ಜಿ ತಂದಿದ್ದ. ಸಹಿ ಮಾಡಿದಳು. ಅವನು ಏಳಲಿಲ್ಲ.

"ಅಕ್ಕಾರೇ, ಒಂದು ಓಲೆ ಇರಬೇಕಲ್ಲ."

"ಯಾವುದು?"

"ಹಸಿಂದು. ಸಿಕ್ಕಿದ್ರೆ ನನ್ ಕೈಗೆ ಕೊಟ್ಬುಡಿ. ಕೆರೆಗೆ ಹಾಕ್ತೀನಿ. ಸತ್ತೋರ ಮೇಲೆ ಎನ್ಕ್ವೈರಿ ಅಂತ ಬಂದ್ರೆ ಈ ಅರ್ಜಿನೂ ಅಲ್ಲೇ ಕೂತ್ಕತದೆ."

"ಹುಡುಕಿ ನೋಡ್ತೀನಿ," ಎಂದಳು. ಬಿಲ್ಲೆ ಸೆರಗಿನ ಮರೆಯಲ್ಲಿ, ಅವಳ ಮುಷ್ಟಿಯಲ್ಲಿತ್ತು. ತಂತಿಯ ತುದಿ ಅಂಗೈಗೆ ಚುಚ್ಚುತ್ತಿತ್ತು.

ನಾಳೆ ಬರುತ್ತೇನೆ ಎಂದು ಹೇಳಿ ಅವನು ಹೋದ. ಒಳ್ಳೆಯ ಮನುಷ್ಯ. ಹೆಣಕ್ಕೆ ಹೆಗಲು ಕೊಟ್ಟವನು.

ಹನ್ನೊಂದೂವರೆಯ ಬಸ್ಸಿನಲ್ಲಿ ಅವಳ ಪಕ್ಕದ ಸೀಟು ದಬ್ಬೇಘಟ್ಟದವರೆಗೂ ಖಾಲಿ ಉಳಿಯಿತು. ನಿಂತಿದ್ದ ಹೆಂಗಸರು ಅವಳ ಹಣೆ ನೋಡಿ ನಿಂತೇ ಇದ್ದರು. ಆ ಬಗ್ಗೆ ಏನಾದರೂ ಅನಿಸಬೇಕಿತ್ತು. ಕಾಲು ಚಾಚಲು ಜಾಗ ಸಿಕ್ಕಿತು ಎಂದಷ್ಟೇ ಅನಿಸಿತು.

ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ವಾಕ್ಯ ಜೋಡಿಸಿದಳು. ಎಲ್ಲ ವಾಕ್ಯಗಳೂ ಚೆನ್ನಾಗಿದ್ದವು. ಅದೇ ಅಸಹ್ಯವಾಯಿತು.

ಭೂತಮ್ಮ ಜಗುಲಿಯ ಮೇಲೆ ತೆಂಗಿನ ಗರಿ ಸೀಳಿ ಪೊರಕೆಗೆ ಕಡ್ಡಿ ತೆಗೆಯುತ್ತಿದ್ದಳು. ಕಡ್ಡಿಯೆಲ್ಲ ಒಂದು ಕಡೆ, ಹಸಿರೆಲ್ಲ ಇನ್ನೊಂದು ಕಡೆ. ತಲೆ ಎತ್ತಿ ನೋಡಿ, ಯಾರೆಂದು ಗುರುತಿಸಿ, ಎದ್ದು ಚಾಪೆ ಕೊಡವಿದಳು.

"ಸಾಹೇಬ್ರು ಬರ್ನಿಲ್ವಾ ಅವ್ವಾ?"

"ಸಾಹೇಬರು ಇಲ್ಲ."

ಈ ಸಲ ಅದು ನಿಜವಾಗಿತ್ತು. ಆದರೂ ದನಿ ಹಿಂದಿನ ಮೂರು ಸಲದ ಹಾಗೆಯೇ ಹೊರಟಿತು.

"ಯಾವಾಗ್ ಬಂದ್ರೂ ನೀವು ಇಂಗೇ ಅಂತೀರಿ," ಎಂದು ಭೂತಮ್ಮ ನಕ್ಕಳು. ನಗುತ್ತಲೇ ಅವಳ ಕಣ್ಣು ಗಿರಿಜಾಂಬಿಕಾಳ ಬರಿದಾದ ಕಿವಿಗೆ ಹೋಯಿತು. ಒಂದು ಕಿವಿಗೆ, ಆಮೇಲೆ ಇನ್ನೊಂದಕ್ಕೆ. ನಗು ನಿಂತಿತು.

"ನಿಮ್ದೂ ಬಿಚ್ಕಂಡ್ರಾ," ಎಂದಳು, ಮೆಲ್ಲಗೆ.

ಗಿರಿಜಾಂಬಿಕಾ ಮುಷ್ಟಿ ಬಿಚ್ಚಿದಳು. ಭೂತಮ್ಮ ಬಿಲ್ಲೆಯನ್ನು ಎತ್ತಿಕೊಂಡು ಸೆರಗಿನಲ್ಲಿ ಉಜ್ಜಿದಳು. ಅಂಕಿಯನ್ನು ಓದಲಾರಳು, ಹೆಬ್ಬೆರಳಿನಿಂದ ಸವರಿ ತನ್ನದೇ ಎಂದು ಒಪ್ಪಿದಳು. ಎರವು ಕೊಟ್ಟ ಒಡವೆ ಹಿಂದಕ್ಕೆ ಬಂದಿತೆಂದರೆ ಲೆಕ್ಕ ಸರಿಹೋದ ಹಾಗೆ. ಇನ್ನು ಹಸುವಿನದೇ ಬಾಕಿ, ಅದು ಯಾವತ್ತು ಬರುತ್ತದೆ ಎಂದು ಕೇಳಿದಳು. ತಡವಾಯಿತೆಂದು ಬೈಯಲಿಲ್ಲ. ಬೈದಿದ್ದರೆ ಬೇಗ ಮುಗಿಯುತ್ತಿತ್ತು.

ಇದನ್ನು ಯಾರ ಕೈಗೂ ಕೊಡಬೇಡ, ತುಮಕೂರಿನ ದೊಡ್ಡ ಕಚೇರಿಗೆ ನೀನೇ ತೆಗೆದುಕೊಂಡು ಹೋಗು ಎಂದು ಗಿರಿಜಾಂಬಿಕಾ ಹೇಳಿದಳು. ಹೇಳುವಾಗ ಕೆಂಪಯ್ಯನ ಅರ್ಜಿಯ ಮೇಲಿನ ತನ್ನ ಸಹಿ ನೆನಪಾಯಿತು. ಅಲ್ಲಿ ಕೇಳಿದರೆ ಹಸು ಸತ್ತಿದೆ ಅನ್ನಬೇಕು. ನಿನ್ನ ಹಸು ಬದುಕಿದೆ ಅಂತ ಅವರ ಹತ್ತಿರ ಬರೆದಿದೆ ಎಂದೂ ಹೇಳಿದಳು.

"ಬದುಕೈತಾ?"

"ಹಾಗಂತ ಬರೆದಿದೆ."

ಸತ್ತ ಹಸುವನ್ನು ಹಳ್ಳಕ್ಕೆ ಎಳೆದುಹಾಕಿದವಳು ಭೂತಮ್ಮನೇ. ಆದರೆ ಬರೆದಿದೆ ಎಂಬ ಮಾತು ಅವಳ ಮುಖದಲ್ಲಿ ಏನನ್ನೋ ಕದಲಿಸಿತು.

"ಯಾರವ್ವಾ ಬರ್ದೋರು? ಸಾಹೇಬ್ರಾ?"

ಸತ್ತವನ ಹೆಸರು ಬಾಯಿಯ ತುದಿಯಲ್ಲೇ ಇತ್ತು. ಅವನಿಗೆ ಅದರಿಂದ ಆಗುವ ನಷ್ಟವೇನೂ ಇರಲಿಲ್ಲ.

"ನಾನು," ಎಂದಳು.

ಭೂತಮ್ಮ ಅವಳನ್ನು ನೋಡಿದಳು. ಆಮೇಲೆ ಜಗುಲಿ ಇಳಿದು ಅಂಗಳದ ಮೂಲೆಗೆ ಹೋದಳು. ಅಲ್ಲಿ ಗೂಟ ಹಾಗೆಯೇ ಇತ್ತು. ಸುತ್ತಲಿನ ನೆಲ ಗುಡಿಸಿತ್ತು. ಹಗ್ಗವೂ ಇತ್ತು, ಅದರ ತುದಿಯಲ್ಲಿ ಕೊರಳಿನಷ್ಟು ಅಗಲದ ಕುಣಿಕೆ. ಕುಣಿಕೆಗೆ ಬಿಲ್ಲೆಯನ್ನು ಅದೇ ತಂತಿಯಿಂದ ಬಿಗಿದಳು. ಗೂಟದಿಂದ ಹಗ್ಗ ಬಿಚ್ಚಿ ತಂದು ಗಿರಿಜಾಂಬಿಕಾಳ ಕೈಗೆ ಕೊಟ್ಟಳು.

"ನೀವೇ ಬರ್ದಿದ್ರೆ ನೀವೇ ಒಸಿ ಹಿಡ್ಕಂಡಿರಿ. ಹುಲ್ಲು ತತ್ತೀನಿ."

ಅದು ಕುಹಕವೋ ನಂಬಿಕೆಯೋ ತಿಳಿಯಲಿಲ್ಲ. ಕುಡುಗೋಲು ಹಿಡಿದು ಭೂತಮ್ಮ ತೋಟದ ಬದುವಿನ ಕಡೆ ಹೊರಟಳು. ತಿರುಗಿ ನೋಡಲಿಲ್ಲ.

ರಸ್ತೆಯಲ್ಲಿ ತಿಪಟೂರಿನ ಬಸ್ಸು ಹಾರನ್ ಮಾಡಿ ನಿಂತಿತು, ಹೊರಟಿತು. ಗಿರಿಜಾಂಬಿಕಾ ಅಂಗಳದ ನಡುವೆ ಹಗ್ಗ ಹಿಡಿದು ನಿಂತಿದ್ದಳು, ಫೋಟೋದಲ್ಲಿ ಭೂತಮ್ಮ ನಿಂತ ಹಾಗೆ, ಹಗ್ಗದ ಕಡೆಗೆ ನೋಡದೆ. ಗಾಳಿಗೆ ಬಿಲ್ಲೆ ನೆಲಕ್ಕೆ ಮೆಲ್ಲಗೆ ಬಡಿಯಿತು. ಅವಳು ಹಗ್ಗವನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.