ಗಾರೆ ಒಣಗದ ತೊಟ್ಟಿ

ಮಿನ್ಯಾ ಸೀಮೆಯಲ್ಲಿ ಇಂಥ ತೊಟ್ಟಿ ಇನ್ನೊಂದಿಲ್ಲ ಎಂದು ಬಂದವರ ಮುಂದೆಲ್ಲ ಕೊಚ್ಚಿಕೊಳ್ಳುತ್ತಿದ್ದೆ. ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸುವ ತೊಟ್ಟಿ. ಇಗರ್ಜಿಯ ಮೂಲೆಯಲ್ಲಿ ಅದಕ್ಕೇ ಒಂದು ಕೋಣೆ. ಇಪ್ಪತ್ತೆಂಟು ವರ್ಷ ಅದನ್ನು ಉಜ್ಜಿದವನು ನಾನು, ವಸ್ಫಿ. ಸ್ನಾನದ ನೀರು ಚರಂಡಿ ಸೇರಕೂಡದು, ಮಣ್ಣಿಗೇ ಇಳಿಯಬೇಕು. ಹಾಗೆ ನೀರಿಳಿಸುವ ಕೊಳವೆಯ ಬಾಯಿ ಬಿರುಕು ಬಿಟ್ಟಿತ್ತು. ಮಂಗಳವಾರ ನಾನೇ ಕೂತು ಗಾರೆ ಹಾಕಿದೆ.

ಅವತ್ತೇ ಊರಿನ ಹುಡುಗಿ ದಮ್ಯಾನಾ ಮಗುವನ್ನೆತ್ತಿಕೊಂಡು ಗೇಟಿನಾಚೆ ನಿಂತು ಕೂಗಿದಳು. ಹೆಣ್ಣು ಹೆತ್ತವಳು ಎಂಬತ್ತು ದಿನ ಒಳಗೆ ಕಾಲಿಡುವಂತಿಲ್ಲ, ಮಗುವಿನ ಸ್ನಾನವೂ ಆಮೇಲೆಯೇ. ಅವಳು ಹೆತ್ತು ಹತ್ತೊಂಬತ್ತು ದಿನವಾಗಿತ್ತು.

"ಮಾವ, ಮಗು ಮೊಹ್ರಾಯೀಲ್ ಮೈ ಕೆಂಡ ಆಗಿದೆ. ಹಾಲೂ ಕುಡೀತಿಲ್ಲ. ಅಬೂನಾಗೆ ಹೇಳಿ ಈಗ್ಲೇ ಸ್ನಾನ ಮಾಡಿಸಿಬಿಡಿ."

"ಇನ್ನೂ ಎಷ್ಟು ದಿನ ಇದೆ, ಏನಮ್ಮ ನಿಂಗೆ ಅವಸರ?"

"ಸಾಯೋ ಮಗೂಗೆ ದಿನ ಎಣಿಸ್ತಾರಾ? ಸ್ನಾನ ಆಗ್ದೆ ಹೋದ್ರೆ ಅದರ ಗತಿ ಏನು?"

"ಗಾರೆ ಹಸಿ ಇದೆ. ನೀರು ಬಿಟ್ರೆ ಎಲ್ಲಾ ಕಿತ್ಕೊಂಡು ಬರುತ್ತೆ. ಶುಕ್ರವಾರ ಬಾ. ಚೊಚ್ಚಲು ಅಲ್ವಾ, ಮಗು ಸೀನಿದ್ರೂ ಎದೆ ಬಡ್ಕೋತೀಯ."

ಅವಳು ನಗಲಿಲ್ಲ. ತೊಟ್ಟಿಯ ವಿಷಯದಲ್ಲಿ ವಸ್ಫಿ ಹೇಳಿದ್ದೇ ಕೊನೆಯ ಮಾತು ಎಂದು ಊರೆಲ್ಲ ನಂಬಿತ್ತು. ಅವಳೂ ನಂಬಿ ಹೊರಟುಹೋದಳು. ನಮ್ಮ ಪಾದ್ರಿ ಅಬೂನಾ ತಾದ್ರೋಸ್ ಇದ್ದದ್ದು ಹಿಂದಿನ ಬೀದಿಯಲ್ಲೇ. ನಾನು ಹೋಗಿ ಹೇಳಲಿಲ್ಲ.

ಗುರುವಾರ ಬೆಳಿಗ್ಗೆ ಮಗು ತೀರಿಕೊಂಡಿತು. ಸ್ನಾನವಾಗದ ಕೂಸಿಗೆ ಇಗರ್ಜಿಯಲ್ಲಿ ಪ್ರಾರ್ಥನೆಯಿಲ್ಲ. ಮನೆಯಿಂದ ನೇರ ಮಣ್ಣಿಗೆ ಒಯ್ದರು. ಅಬೂನಾ ಅವಳ ಮನೆಯಲ್ಲಿ ಸಂಜೆಯವರೆಗೆ ಕೂತು ಬಂದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಶುಕ್ರವಾರ ತೊಟ್ಟಿಗೆ ನೀರು ಬಿಟ್ಟು ನೋಡಿದೆ. ಒಂದು ಹನಿಯೂ ಸೋರಲಿಲ್ಲ. ನಾಚಿಕೆಗೇಡು, ಆ ಹೊತ್ತಿನಲ್ಲೂ ನನಗೆ ಒಳಗೊಳಗೇ ಖುಷಿಯಾಯಿತು.

ಹಿಂದೆ ಹೆಜ್ಜೆ ಸಪ್ಪಳವಾಯಿತು. ದಮ್ಯಾನಾ ಒಳಗೇ ಬಂದಿದ್ದಳು. ಇಷ್ಟು ವರ್ಷ ಬಾಣಂತಿಯರನ್ನು ಬಾಗಿಲಲ್ಲೇ ಗದರಿಸಿ ಅಟ್ಟಿದವನು ಪಕ್ಕಕ್ಕೆ ಸರಿದೆ.

"ಸಾಯೋ ಮಗೂನ ಮನೇಲಿ ಹಿಟ್ಟು ನಾದೋ ಬೋಗುಣೀಲೂ ಮುಳುಗಿಸಿ ಸ್ನಾನ ಮಾಡಿಸಬಹುದಿತ್ತಂತೆ. ಅಬೂನಾ ಹೇಳಿದ್ರು. ನಿಮಗೆ ಗೊತ್ತಿತ್ತಾ ಮಾವ?"

ಸುಳ್ಳು ಹೇಳಬಹುದಿತ್ತು. ಹಿಂದೆ ಎರಡು ಸಲ ಅಂಥ ಬೋಗುಣಿಗೆ ನೀರು ತುಂಬಿಸಿಕೊಟ್ಟವನೇ ನಾನು. ಆದರೆ ತೊಟ್ಟಿ ಇರುವಾಗ ಬೋಗುಣಿಯ ಮಾತು ನನ್ನ ಬಾಯಿಂದ ಹೊರಡಲಿಲ್ಲ, ಅಷ್ಟೆ.

"ಗೊತ್ತಿತ್ತು ಕಣಮ್ಮ."

ಎದೆಹಾಲು ಇಳಿದು ಅವಳ ಕಪ್ಪು ಅಂಗಿಯ ಮುಂಭಾಗವೆಲ್ಲ ಒದ್ದೆಯಾಗಿತ್ತು.